ಎರಡೂ ಬಲತೋಳು

ಕಡಬ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ರವಿಕೆ ಹೊಲಿಯುವುದರಲ್ಲಿ ನನಗೆ ಹೆಸರಿತ್ತು ಎಂದು ಬರೆಯಲು ಈಗ ಮುಜುಗರ. ಆದರೆ ಇದ್ದದ್ದು ನಿಜ. ಒಂದು ಬೆಳಿಗ್ಗೆ ಮೆಷಿನಿನ ಮುಂದೆ ಕೂತಲ್ಲೇ ಎಡಗೈ ನನ್ನದಲ್ಲವೆಂಬಂತೆ ಜಾರಿತು, ಬಾಯಿ ಸೊಟ್ಟಗಾಯಿತು. ಬಾಡಿಗೆಗೆ ಪಿಕಪ್ ಓಡಿಸುವ ನನ್ನ ಗಂಡ ಅದರಲ್ಲೇ ಪುತ್ತೂರಿನ ಆಸ್ಪತ್ರೆಗೆ ಮುಟ್ಟಿಸಿದರು. ಅಲ್ಲಿನ ಡಾಕ್ಟರು ಪಾರ್ಶ್ವವಾಯು ಎಂದರು.

ಬೇಗ ಹೋದದ್ದರಿಂದ ಕೈಗೆ ಬಲ ಮರಳಿತು. ಕೆಲವು ತಿಂಗಳಲ್ಲಿ ನಡೆಯುತ್ತಿದ್ದೆ, ಮಾತಾಡುತ್ತಿದ್ದೆ. ಕಂಡವರೆಲ್ಲ "ಈಗ ಪೂರಾ ಹುಷಾರಲ್ಲವಾ?" ಎನ್ನುವಾಗ ನಕ್ಕು ತಲೆಯಾಡಿಸುತ್ತಿದ್ದೆ. ಆದರೆ ಟೇಪು ಹಿಡಿದು ಎದೆಯ ಅಳತೆ ತೆಗೆದರೆ, ಸೊಂಟಕ್ಕೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತಿತ್ತು. ಯಾರಿಗೂ ಹೇಳಲಿಲ್ಲ.

ಅಂಗಡಿ ಮತ್ತೆ ತೆರೆದಾಗ, ಮದುವೆ ನಿಶ್ಚಯವಾಗಿದ್ದ ಹುಡುಗಿಯೊಬ್ಬಳು ಸೀರೆಯ ಜೊತೆ ಬಂದ ರವಿಕೆ ತುಂಡನ್ನು ತಂದುಕೊಟ್ಟಳು. ಹೊಲಿದು ತೊಡಿಸಿ ನೋಡಿದರೆ ಎಡಭುಜದಲ್ಲಿ ಬಟ್ಟೆ ಸುರುಟಿಕೊಂಡು ನಿಂತಿತ್ತು. ಎರಡೂ ತೋಳನ್ನು ಬಲಗೈಗೆಂದೇ ಕತ್ತರಿಸಿದ್ದೆ. ಬೇರೆ ಬಟ್ಟೆ ಉಳಿದಿರಲಿಲ್ಲ.

"ಪರವಾಗಿಲ್ಲ ಅಕ್ಕ, ಸೆರಗು ಹಾಕಿದ್ರೆ ಕಾಣುದಿಲ್ಲ," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳಿಗೆ ನನ್ನ ಮೇಲೆ ಕನಿಕರ ಹುಟ್ಟಿತ್ತು.

ಮರುದಿನ ಅಂಗಡಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ತಲೆ ಬಾಚುತ್ತಿರಲಿಲ್ಲ. ನೆರೆಯವರು ಬಂದರೆ ನಿದ್ದೆಯ ನಟನೆ. ಚಾ ಬೇಕಾ ಎಂದು ಗಂಡ ಕೇಳಿದರೆ ಉತ್ತರ ಹುಡುಕುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಿದ್ದರು. ಒಮ್ಮೆ ಅವರು ನೆಲ್ಯಾಡಿಯಲ್ಲಿರುವ ತಮ್ಮ ತಂಗಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು: "ಅವಳಿಗೆ ಎಂತದೂ ತಲೆಗೆ ಹೋಗುದಿಲ್ಲ. ಇನ್ನು ಹೀಗೆಯೇ ಕಾಣ್ತದೆ." ನನಗೆ ಸಿಟ್ಟು ಬರಲಿಲ್ಲ. ನಾನೂ ಹಾಗೆಯೇ ಎಣಿಸಿದ್ದೆ.

ಪುತ್ತೂರಿನಲ್ಲಿ ಮರುತಪಾಸಣೆಗೆ ಹೋದಾಗ ಡಾಕ್ಟರಮ್ಮ ತಿಂಗಳುಗಳ ಹೆಸರನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿ ಎಂದರು. ಗೊತ್ತಿಲ್ಲ ಎಂದೆ. ನೆನಪಿಡಿ ಎಂದು ಆಗಷ್ಟೇ ತಾವು ಹೇಳಿದ್ದ ಕೆಲವು ಹೆಸರು ಕೇಳಿದರು. ಗೊತ್ತಿಲ್ಲ. ಅವರು ಪೆನ್ನು ಕೆಳಗಿಟ್ಟರು.

"ಗೊತ್ತಿಲ್ಲವಾ, ಇಲ್ಲಾ ತಪ್ಪಾದೀತು ಅಂತ ಹೇಳುದಿಲ್ಲವಾ?"

ಹೊರಗೆ ಬೆಂಚಿನಲ್ಲಿ ಕೂತವರಿಗೆ ಕೇಳುವಷ್ಟು ಜೋರಾಗಿ ಅತ್ತುಬಿಟ್ಟೆ. ನಿದ್ದೆ ಬರ್ತದಾ, ಊಟ ಸೇರ್ತದಾ ಎಂದು ಡಾಕ್ಟರಮ್ಮ ವಿಚಾರಿಸಿದರು. ಬದುಕುವುದು ಬೇಡ ಅನಿಸ್ತದಾ ಎಂದಾಗ ಹೌದು ಎಂದೆ. ಪಕ್ಕದಲ್ಲಿ ಕೂತಿದ್ದ ಗಂಡ ನೆಲ ನೋಡುತ್ತಿದ್ದರು.

ಇದು ಖಿನ್ನತೆ, ಸ್ಟ್ರೋಕ್ ಆದ ಅನೇಕರಿಗೆ ಬರುತ್ತದೆ, ಅದೇ ಗಮನವನ್ನೂ ನೆನಪನ್ನೂ ಮತ್ತಷ್ಟು ಕುಗ್ಗಿಸುತ್ತದೆ ಎಂದು ಅವರು ವಿವರಿಸಿದರು. ಪೆಟ್ಟು ತಿಂದ ಮಿದುಳಿನದೆಷ್ಟು, ಕುಸಿದ ಮನಸ್ಸಿನದೆಷ್ಟು ಎಂಬುದು ಚಿಕಿತ್ಸೆ ಮಾಡಿದ ಮೇಲಷ್ಟೇ ಗೊತ್ತಾಗುವುದಂತೆ.

ಗಂಡ ಪಿಕಪ್ಪಿನಲ್ಲಿ ಕೂತರೂ ಸ್ಟಾರ್ಟ್ ಮಾಡಲಿಲ್ಲ. "ನನಗೆ ಹೇಳ್ಬಹುದಿತ್ತಲ್ಲ ಮಾರಾಯ್ತಿ."

"ಎಂತ ಹೇಳುದು? ತಲೆ ಕೆಟ್ಟಿದೆ ಅಂತವಾ?"

ಅವರು ಗಾಡಿ ಸ್ಟಾರ್ಟ್ ಮಾಡಿದರು. ಕಡಬ ಮುಟ್ಟುವವರೆಗೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರನ್ನು ಹಾಗೆ ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಮಾತ್ರೆ ಶುರುವಾಯಿತು. ನೆರೆಯವರಿಗೆ ಬಿಪಿ ಮಾತ್ರೆ ಎಂದೆ. ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಮಳೆಗಾಲ ಕಳೆಯುವಷ್ಟರಲ್ಲಿ ಸ್ನಾನ ಬೇಕೆನಿಸತೊಡಗಿತು. ಮಾತಿಗೆ ಮಾತು ಸಿಕ್ಕತೊಡಗಿತು. ಆದರೆ ಎಲ್ಲವೂ ಮರಳಲಿಲ್ಲ. ಅಳತೆಗಳು ಈಗಲೂ ಒಂದಕ್ಕೊಂದು ಸೇರಿಹೋಗುತ್ತವೆ. ಮತ್ತೆ ತೆರೆದ ಅಂಗಡಿಯಲ್ಲಿ ಈಗ ಕತ್ತರಿಸಲು ಇನ್ನೊಬ್ಬಳಿದ್ದಾಳೆ. ನಾನು ಹೊಲಿಗೆ ಹಾಕುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ.

ಮೊನ್ನೆ ಸುಳ್ಯದ ಕಡೆಯ ಹೆಂಗಸೊಬ್ಬರು ಬಂದು ನೀವೇ ಕತ್ತರಿಸಿ ಎಂದು ಹಟ ಹಿಡಿದರು. ಕೆಲಸ ಜಾಸ್ತಿ ಉಂಟು ಎಂದು ತಪ್ಪಿಸಿಕೊಳ್ಳಬಹುದಿತ್ತು.

"ನನಗೆ ಆಗುದಿಲ್ಲ. ಸ್ಟ್ರೋಕ್ ಆದ ಮೇಲೆ ಅಳತೆ ತಪ್ತದೆ," ಎಂದೆ. ಮುಖ ಬಿಸಿಯಾಯಿತು. ತಲೆ ಎತ್ತಲಾಗಲಿಲ್ಲ.

"ಹಾಗಾದ್ರೆ ಅವಳೇ ಕತ್ತರಿಸಲಿ," ಎಂದು ಬಟ್ಟೆಯನ್ನು ಮೇಜಿನ ಮೇಲಿಟ್ಟು ಹೋದರು.