ನಾನು ಹಿಡಿದಿದ್ದ ಹಗ್ಗ

ಸತ್ತವರು ಏನೋ ಸೂಚನೆ ಕೊಟ್ಟರು ಎಂದು ಯಾರಾದರೂ ಹೇಳಿದರೆ ನಾನು ಮುಖ ತಿರುಗಿಸಿ ನಗುತ್ತಿದ್ದವನು. ಭೌತಶಾಸ್ತ್ರದ ಪದವಿ ಪಡೆದು ಮಡಿಕೇರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ‘ಆಗ ಬೆಳಕು ಎಷ್ಟಿತ್ತು? ಹೊಟ್ಟೆಗೆ ಏನಾದರೂ ಬಿದ್ದಿತ್ತೆ?’ ಎಂದು ಕೇಳಿ ಅಂಥ ಕಥೆಗಳನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಈಗ ಅವೇ ಪ್ರಶ್ನೆಗಳಿಗೆ ನಾನು ಉತ್ತರಿಸಬೇಕಾಗಿದೆ. ಬೆಳಕು ಸಾಕಷ್ಟಿತ್ತು. ಊಟ ಮಾಡಿರಲಿಲ್ಲ. ದಿನಚರಿ ಬರೆಯುವ ಅಭ್ಯಾಸವಿದ್ದುದರಿಂದ ಆ ದಿನದ ಪುಟವೂ ನನ್ನ ಬಳಿ ಇದೆ. ಆದರೆ ಪುಟ ಹೇಳುವುದೊಂದು, ನೆನಪು ಹೇಳುವುದು ಇನ್ನೊಂದು. ಯಾವುದನ್ನು ನಂಬಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಕೊಡಗು ಆಗ ತನ್ನದೇ ಒಂದು ಸಣ್ಣ ರಾಜ್ಯವಾಗಿತ್ತು. ಶಾಲೆಯ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತರಲು ಮಂಗಳೂರಿಗೆ ಹೋಗಿದ್ದವನು ಬೆಳಗಿನ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ಹೊರಡುವ ಹೊತ್ತಿಗೆ ಹಾಸಿಗೆ ಸುರುಳಿ ಹೊತ್ತುಕೊಂಡು ಓಡಿ ಬಂದು ಹತ್ತಿದವನು ರುದ್ರಪ್ಪ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನ ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ರೈತರ ಮನೆ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರಿ ಮುಳುಗುವ ವಿದ್ಯೆ ಕಲಿತ ರುದ್ರಪ್ಪ, ಆಮೇಲೆ ಕಂಟ್ರಾಕ್ಟರನೊಬ್ಬನ ಕೈಕೆಳಗೆ, ಮುಳುಗಿದ ಹಡಗುಗಳಿಂದ ಸಾಮಾನು ಎತ್ತುವ ಕೆಲಸದಲ್ಲಿದ್ದ.

“ಏನ್ ಮೇಷ್ಟ್ರೇ, ಇಷ್ಟೊಂದು ಗಾಜು! ಅಂಗಡಿ ಇಡ್ತೀಯೇನೋ?” ಎಂದು ಪಕ್ಕದಲ್ಲಿ ಕೂತ. ಮರುದಿನ ಅವನ ತಂಗಿಯ ಮದುವೆ. ತಂದೆ ಇಲ್ಲದ ಮನೆ. ಧಾರೆ ಎರೆಯಬೇಕಾದವನು ಅವನೇ. ಬೆಳಗಿನ ಜಾವ ಇಪ್ಪತ್ತು ಮಾರು ಆಳಕ್ಕೆ ಇಳಿದು, ಕೆಲಸ ಮುಗಿಸಿ, ಒದ್ದೆ ತಲೆಯಲ್ಲೇ ಬಸ್ಸು ಹಿಡಿದಿದ್ದ.

ದಾರಿಯುದ್ದಕ್ಕೂ ಅವನದೇ ಮಾತು. ನೀರಿಗಿಳಿಯುವಾಗ ತಲೆಗೆ ಹಿತ್ತಾಳೆಯ ಟೋಪಿ, ಅದಕ್ಕೆ ಕೊಳವೆ. ದೋಣಿಯಲ್ಲಿ ಇಬ್ಬರು ಪಂಪು ತಿರುಗಿಸಿ ಗಾಳಿ ಕಳಿಸುತ್ತಾರಂತೆ. ಅಷ್ಟು ಆಳದಲ್ಲಿ ಅದೇ ಗಾಳಿ ಹೆಂಡದಂತೆ ತಲೆಗೇರುತ್ತದಂತೆ. ಒಮ್ಮೆ ಮೀನೊಂದಕ್ಕೆ ಸಲಾಮು ಹೊಡೆದಿದ್ದನಂತೆ. ಸಂಪಾಜೆಯಲ್ಲಿ ಬಸ್ಸು ನಿಂತಾಗ ಗೋಲಿ ಸೋಡಾ ಕೊಂಡು, ಗೋಲಿ ಒತ್ತುವ ಮೊದಲು ಬಾಟಲಿಯನ್ನು ನನ್ನ ಕಣ್ಣೆದುರು ಹಿಡಿದ. “ನೋಡು, ಈಗ ಒಂದಾದ್ರೂ ಗುಳ್ಳೆ ಇದ್ಯಾ?” ಒತ್ತಿದ. ಬುಸ್ಸೆಂದು ನೊರೆ ಉಕ್ಕಿತು. “ಬಿರ್ರನೆ ಮೇಲೆ ಬಂದ್ರೆ ನಮ್ ರಕ್ತಾನೂ ಹಿಂಗೇ ಕಣೋ. ಅದಕ್ಕೇ ಅಲ್ಲಲ್ಲಿ ನಿಂತು ನಿಂತು ಬರ್ಬೇಕು.”

“ಇವತ್ತು ನಿಂತೆಯಾ?”

“ನಿಂತೆ. ಕಡೇದ್ರಲ್ಲಿ ಸ್ವಲ್ಪ ಕಮ್ಮಿ. ಬಸ್ಸು ತಪ್ಪಿದ್ರೆ ಧಾರೆ ನೀನ್ ಎರೀತಿದ್ಯಾ?”

ಇಬ್ಬರೂ ನಕ್ಕೆವು. ಬಸ್ಸು ಘಟ್ಟ ಹತ್ತತೊಡಗಿತು.

ಅರ್ಧ ಘಟ್ಟದಲ್ಲಿ ಅವನು ಭುಜ ಉಜ್ಜಿಕೊಳ್ಳತೊಡಗಿದ. ಆಮೇಲೆ ಮೊಣಕಾಲು. ಮೈಯೆಲ್ಲ ಇರುವೆ ಹರಿದಂತೆ ಕೆರೆದುಕೊಂಡ. ಕಂಡಕ್ಟರ್ “ಮದ್ವೆ ತಂಗೀದಾ, ನಿಮ್ದಾ ಸ್ವಾಮಿ? ಕೂತಲ್ಲೇ ಕುಣೀತಿದ್ದೀರಲ್ಲ!” ಎಂದು ಛೇಡಿಸಿದ. ರುದ್ರಪ್ಪ ಮೊಣಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ. ಮಡಿಕೇರಿಯಲ್ಲಿ ಏಳಲು ಹೋದವನಿಗೆ ಕಾಲುಗಳು ಬರಲಿಲ್ಲ. ಇಬ್ಬರು ಹಿಡಿದು ಇಳಿಸಿ, ಹತ್ತಿರವೇ ಇದ್ದ ನಮ್ಮ ಮನೆಗೆ ಹೊತ್ತು ತಂದೆವು.

ಪರಿಚಯದ ವೈದ್ಯರೊಬ್ಬರು ಬಂದು ನೋಡಿ, ವಾತವಿರಬೇಕು, ಅಲುಗಾಡಿಸಬೇಡಿ ಎಂದರು. ರುದ್ರಪ್ಪ ಮಾತ್ರ ಒಂದೇ ಹಟ ಹಿಡಿದ. “ಇದು ನೀರಿನದು ಕಣೋ. ನನ್ನ ಕೆಳಕ್ಕೆ ಕರ್ಕೊಂಡ್ ಹೋಗು. ಮತ್ತೆ ಇಳಿಸಿದ್ರೆ ಬಿಡುತ್ತೆ.” ಎಷ್ಟೋ ಗಂಟೆಗಳ ಹಿಂದೆ ಬಿಟ್ಟು ಬಂದ ಕಡಲಿಗೂ ಈ ನೋವಿಗೂ ನನಗೆ ಸಂಬಂಧ ಕಾಣಲಿಲ್ಲ. ಆದರೂ ಬೀದಿಯಲ್ಲಿ ಮರದ ಲಾರಿಯೊಂದು ಘಟ್ಟದ ಕೆಳಗಿನ ಸುಳ್ಯಕ್ಕೆ ಹೊರಟು ನಿಂತಿತ್ತು, ಹೋಗಿ ಕೇಳಿದೆ. ಮಲಯಾಳಿ ಡ್ರೈವರ್ ಒಪ್ಪಿದ. “ಬೇಗ ಹೇಳಿ ಮಾಷೇ, ಮಂಜು ಬಿದ್ದರೆ ನಾನು ಇಳಿಯೂದಿಲ್ಲ.” ನಾನು ಮನೆಯ ಬಾಗಿಲನ್ನು ನೋಡಿದೆ, ವೈದ್ಯರ ಮಾತು ನೆನೆದೆ, ‘ಬೇಡ, ನೀವು ಹೊರಡಿ’ ಎಂದೆ. ರುದ್ರಪ್ಪನಿಗೆ ಲಾರಿ ಸಿಗಲಿಲ್ಲ ಎಂದು ಹೇಳಿದೆ.

ಹೊತ್ತು ಕಳೆದಂತೆ ಅವನ ಉಸಿರು ಗಿಡ್ಡವಾಗಿ ದನಿ ಕ್ಷೀಣಿಸಿತು. ಕೂಗಿದರೆ ಕೇಳದು ಎಂದು, ನೀರಿನೊಳಗಿಂದ ದೋಣಿಯವರಿಗೆ ಸನ್ನೆ ಮಾಡುವ ಉಪಾಯವನ್ನೇ ಅವನು ಹೇಳಿದ. ಹಾಸಿಗೆ ಸುರುಳಿಯ ಹಗ್ಗ ಬಿಚ್ಚಿಸಿ, ಒಂದು ತುದಿಯನ್ನು ತನ್ನ ಮಣಿಕಟ್ಟಿಗೆ ಕಟ್ಟಿಸಿಕೊಂಡು, ಇನ್ನೊಂದನ್ನು ನನ್ನ ಕೈಗೆ ಕೊಟ್ಟ. “ಒಂದ್ಸಲ ಎಳೆದ್ರೆ ಚೆನ್ನಾಗಿದೀನಿ ಅಂತ. ಎರಡ್ಸಲ ಎಳೆದ್ರೆ ಹಗ್ಗ ಬಿಡು, ಕೆಳಕ್ಕೆ ಇಳೀತೀನಿ ಅಂತ. ನಾಲ್ಕು ಅಂದ್ರೆ ಮೇಲಕ್ಕೆಳ್ಕೋ ಅಂತ. ಎಷ್ಟು ಬಂತೋ ಅಷ್ಟೇ ಸಲ ನೀನೂ ಎಳೀಬೇಕು. ಇಲ್ದಿದ್ರೆ ನಿನಗೆ ತಿಳೀತು ಅಂತ ಒಳಗಿರೋನಿಗೆ ಹೆಂಗೊತ್ತಾಗುತ್ತೆ?”

ನಾನು ಹೊರಕೋಣೆಯ ಕಿಟಕಿಯ ಬಳಿ ಎಡಗೈಗೆ ಹಗ್ಗ ಸುತ್ತಿಕೊಂಡು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತ ಕೂತೆ. ಒಳಗೆ ಅಮ್ಮ ಅವನ ಬಳಿ ಇದ್ದಳು. ಆಗಾಗ ಒಂದು ಎಳೆತ ಬರುತ್ತಿತ್ತು. ನಾನೂ ಒಂದು ಸಲ ಎಳೆಯುತ್ತಿದ್ದೆ. ನಡುವೆ ಬಹಳ ಹೊತ್ತು ಏನೂ ಬರಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡೆ. ದೀಪ ಹಚ್ಚುವ ಹೊತ್ತಿಗೆ ಸ್ವಲ್ಪ ಮೊದಲು ಹಗ್ಗ ಬಿಗಿಯಾಯಿತು. ಕೈ ಮೇಜಿನಿಂದ ಜಾರುವಷ್ಟು ಬಲವಾಗಿ ಯಾರೋ ಎಳೆದರು. ಮತ್ತೆ ಎಳೆದರು. ಹಗ್ಗ ಬಿಟ್ಟು ಒಳಗೆ ಓಡಿದೆ.

ಅಮ್ಮ ಗಂಜಿಯ ಬಟ್ಟಲು ಹಿಡಿದು ಅಡುಗೆಮನೆಯಿಂದ ಆಗಷ್ಟೇ ಬರುತ್ತಿದ್ದಳು. “ಮೆಲ್ಲಗೆ ಮಗಾ, ಮಲಗವ್ನೆ” ಎಂದಳು. ರುದ್ರಪ್ಪನ ಎರಡೂ ಕೈ ಎದೆಯ ಮೇಲಿದ್ದವು. ಮಣಿಕಟ್ಟಿನಲ್ಲಿ ಹಗ್ಗವಿರಲಿಲ್ಲ.

“ಕೈ ಊದ್ಕಂಡಿತ್ತು ಕಣಪ್ಪ. ಆಗ್ಲೇ ಬಿಚ್ಚಿ ಮಂಚದ ಕಾಲಿಗೆ ಕಟ್ದೆ” ಎಂದಳು ಅಮ್ಮ.

ಕೈ ಮುಟ್ಟಿದೆ. ತಣ್ಣಗಿತ್ತು. ಈಗ ತಾನೇ ಹೋದವನ ಕೈಯಲ್ಲ ಅದು.

ನಾನು ಎಲ್ಲವನ್ನೂ ಪರೀಕ್ಷಿಸಿದೆ. ಅಮ್ಮ ಎಳೆದಿಲ್ಲ. ಮನೆಯಲ್ಲಿ ಬೆಕ್ಕಿರಲಿಲ್ಲ. ಹಗ್ಗದ ಗಂಟು ಬೀಟೆ ಮರದ ಮಂಚದ ಕಾಲಿಗೆ ಭದ್ರವಾಗಿತ್ತು. ಇಬ್ಬರು ನೂಕಿದರೂ ಅಲುಗದ ಮಂಚ. ನಾನೇ ತೂಕಡಿಸಿದ್ದೆನೆ? ಸಾಧ್ಯ. ಆದರೆ ತಿದ್ದುತ್ತಿದ್ದ ಪತ್ರಿಕೆಯ ಮೇಲೆ ಕೆಂಪು ಶಾಯಿ ಅಡ್ಡಕ್ಕೆ ಗೀಚಿಕೊಂಡು ಹೋಗಿತ್ತು. ಎಷ್ಟು ಗೀಟುಗಳೆಂದು ಆಗ ಎಣಿಸಬೇಕೆನಿಸಲಿಲ್ಲ. ಆಮೇಲೆ ಆ ಪತ್ರಿಕೆ ಅದನ್ನು ಬರೆದ ಹುಡುಗನ ಕೈ ಸೇರಿತು.

ಮದುವೆ ನಿಂತಿತು. ಮುಂದಿನ ವರ್ಷ ರುದ್ರಪ್ಪನ ಚಿಕ್ಕಪ್ಪ ಧಾರೆ ಎರೆದರು. ನಾನು ಹಿಂದೆ ನಿಂತು ನೋಡಿ, ಊಟಕ್ಕೆ ಕೂರದೆ ಬಂದೆ.

ಎಷ್ಟೋ ಕಾಲದ ನಂತರ ಬಂದರಿನಲ್ಲಿ ಕೆಲಸ ಮಾಡಿದ್ದ ವೈದ್ಯರೊಬ್ಬರು ಸಿಕ್ಕರು. ಆಳದಿಂದ ಬಂದವನು ಅದೇ ದಿನ ಘಟ್ಟ ಹತ್ತುವುದೆಂದರೆ ನೀರಿನಿಂದ ಇನ್ನಷ್ಟು ಮೇಲಕ್ಕೆ ಬಂದಂತೆಯೇ ಎಂದರು. ಎತ್ತರ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ ಎಂದು ನಾನೇ ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಸೋಡಾ ಬಾಟಲಿಯನ್ನು ಅವನು ನನ್ನ ಕಣ್ಣೆದುರೇ ಹಿಡಿದಿದ್ದ. ಕೆಳಗೆ ಇಳಿಸಿದ್ದರೆ ಬದುಕುತ್ತಿದ್ದನೆ ಎಂದು ಕೇಳಿದ್ದಕ್ಕೆ, ಹೇಳಲಾಗದು, ಆದರೆ ಇಳಿಸಬೇಕಿತ್ತು ಎಂದರು.

ಆ ಸಂಜೆಯೇ ಬರೆದ ದಿನಚರಿಯಲ್ಲಿ ‘ನಾಲ್ಕು ಸಲ’ ಎಂದಿದೆ. ಮೇಲಕ್ಕೆಳೆದುಕೋ ಎಂದು. ಆದರೆ ನನ್ನ ಎಡ ಅಂಗೈಗೆ ನೆನಪಿರುವುದು ಎರಡೇ. ಕೆಳಕ್ಕೆ ಇಳಿಯುತ್ತೇನೆ ಎಂದು. ವೈದ್ಯರ ಮಾತು ಕೇಳಿದ ಮೇಲೆ ಅಪರಾಧ ಪ್ರಜ್ಞೆ ನಾಲ್ಕನ್ನು ಎರಡು ಮಾಡಿತೋ, ಆ ಸಂಜೆಯ ಹೆದರಿಕೆ ಎರಡನ್ನು ನಾಲ್ಕೆಂದು ಬರೆಸಿತೋ, ನನಗೆ ತಿಳಿಯದು. ಸತ್ತವನು ಎಳೆದನೇ ಎಂಬುದಕ್ಕಿಂತ ಈ ಲೆಕ್ಕವೇ ನನ್ನನ್ನು ಹೆಚ್ಚು ಕಾಡಿದೆ.

ಒಂದು ವಿಷಯದಲ್ಲಿ ಮಾತ್ರ ದಿನಚರಿಗೂ ನೆನಪಿಗೂ ಭೇದವಿಲ್ಲ. ನಾನು ತಿರುಗಿ ಎಳೆಯಲಿಲ್ಲ.