ತೇಲುವ ಮರಿಯನ್ನು ಕೆಳಗಿಳಿಸುವ ನೀರಕ್ಕ

ಬೆಳಗಿನ ಐದೂವರೆ. ಅಕ್ವೇರಿಯಂ ಅಂಗಡಿಯ ಮುಂಬಾಗಿಲು ಇನ್ನೂ ತೆರೆದಿಲ್ಲ. ಹಿಂದಿನ ಕೋಣೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಣಕಾಲೂರಿ ಕೂತು ಬಿಳಿ ಪ್ಲಾಸ್ಟಿಕ್ ಟಬ್ಬಿನೊಳಗೆ ಇಣುಕುತ್ತಿದ್ದಾರೆ. ಅದರಲ್ಲಿ ನಡುಬೆರಳಿನುದ್ದದ ಒಂದು ಮರಿ. ನಾಲ್ಕು ಪುಟಾಣಿ ಕಾಲು, ಕತ್ತಿನ ಎರಡೂ ಪಕ್ಕ ಗರಿಯಂಥ ಕೆಂಪು ಕಿವಿರು, ಸದಾ ನಗುತ್ತಿರುವಂತೆ ಕಾಣುವ ಅಗಲ ಬಾಯಿ. ನಗುವ ಸ್ಥಿತಿಯಲ್ಲಂತೂ ಅದು ಇಲ್ಲ. ಹೊಟ್ಟೆ ಉಬ್ಬಿ, ಬಾಲದ ಕಡೆ ಮೇಲೆದ್ದು ತೇಲುತ್ತಿದೆ. ಕಾಲು ಬಡಿದು ಕೆಳಗಿಳಿಯಲು ನೋಡುತ್ತದೆ, ಬೆಂಡಿನ ಹಾಗೆ ಮತ್ತೆ ಮೇಲೆ ಬರುತ್ತದೆ.

"ಇಳಿಯೋ ರಾಜಾ, ಇಳಿ. ಮೇಲೇನು ಸಂತೆ ನೆರೆದಿದ್ಯಾ?" ಎಂದು ಅವರು ಅದಕ್ಕೆ ಗದರುತ್ತಾರೆ.

ಈ ಪ್ರಾಣಿಯ ಹೆಸರು ಆಕ್ಸೊಲಾಟಲ್. ನಾಲಿಗೆ ತಿರುಗದ ಕಾರಣ ಅಂಗಡಿಯಲ್ಲಿ ಎಲ್ಲರೂ 'ಕಾಲ್ಮೀನು' ಅನ್ನುತ್ತಾರೆ. ಅದು ಮೀನಲ್ಲ, ಕಪ್ಪೆಯ ದೂರದ ನೆಂಟ ಎಂದು ಮಾಲೀಕರು ಎಷ್ಟು ಹೇಳಿದರೂ ಹೆಸರು ಬದಲಾಗಿಲ್ಲ. ನಲವತ್ತೆರಡು ತೊಟ್ಟಿಗಳ ನೀರು ಬದಲಿಸುವ ಈಕೆಗೂ ಹಾಗೆಯೇ ನೀರಕ್ಕ ಎಂಬ ಹೆಸರು ಅಂಟಿಕೊಂಡಿದೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಗಿರಾಕಿಗಳಿಗೆ ಕಾಣುವುದು ಮುಂದಿನ ಬಣ್ಣದ ದೀಪಗಳು, ಅವುಗಳ ಹಿಂದಿನ ಒದ್ದೆ ನೆಲ ಕಾಣುವುದಿಲ್ಲ. ನಮ್ಮ ಪತ್ರಿಕೆಯ 'ಎಲೆಮರೆಯ ಕಾಯಿ' ಅಂಕಣಕ್ಕೆ ಇದಕ್ಕಿಂತ ಬೇಕೇ? ತಲೆಬರಹವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದವನು ನಾನು. ಈಗ ಅದನ್ನು ನೆನೆದರೆ ನನಗೇ ನಾಚಿಕೆ.

ಮರಿ ಬಂದು ಮೂರು ದಿನವಾಗಿದೆ. ತಂದವರು ಹತ್ತಿರದ ಶಾಲೆಯ ಟೀಚರ್. ನೀರಕ್ಕ ಅದನ್ನು ಕೈಯಿಂದ ಮುಟ್ಟದೆ ಲೋಟದಲ್ಲಿ ಎತ್ತಿ ಟಬ್ಬಿಗೆ ಬಿಟ್ಟಿದ್ದರು. ನೀರು ಕಿವಿರು ಮುಳುಗುವಷ್ಟು ಮಾತ್ರ. "ಆಳ ಇದ್ರೆ ಇಳಿಯಕ್ಕೆ ಒದ್ದಾಡಿ ಒದ್ದಾಡಿ ಸುಸ್ತಾಗತ್ತೆ ಸಾರ್. ಕಾಲು ನೆಲಕ್ಕೆ ತಾಗಿದ್ರೆ ಅದಕ್ಕೂ ಒಂದು ಧೈರ್ಯ." ಊಟ ಬಂದ್. ಟಬ್ಬಿನ ಮೇಲೆ ಕಪ್ಪು ಬಟ್ಟೆ. ದಿನಕ್ಕೆರಡು ಸಲ ಪೂರ್ತಿ ನೀರು ಬದಲು. ಪಕ್ಕದಲ್ಲಿ ಮಂಜುಗಟ್ಟಿಸಿದ ಬಾಟಲಿ ಇಟ್ಟು ನೀರನ್ನು ಹದಿನೇಳು ಡಿಗ್ರಿಯ ಹತ್ತಿರ ಹಿಡಿಯಬೇಕು. ಬಾಟಲಿಗಳು ಅವರ ಮನೆಯ ಫ್ರಿಜ್ಜಿನಿಂದ ಬರುತ್ತವೆ. "ಅಮ್ಮಾ, ನಾನೂ ಒಂದು ಬಾಟ್ಲಿಯಾಗಿ ಹುಟ್ಟಿದ್ರೆ ನಿನ್ನ ಫ್ರಿಜ್ಜಲ್ಲಿ ಜಾಗ ಸಿಕ್ತಿತ್ತೇನೋ ಅಂತಾಳೆ ಮಗಳು" ಎಂದು ನಗುತ್ತಾರೆ. ಗಂಡ ಬಸ್ ಡ್ರೈವರ್. ಬೆಳಗಿನ ಮೊದಲ ಬಸ್ಸಿನಲ್ಲಿ ಹೆಂಡತಿಯನ್ನೂ ಬಾಟಲಿಗಳನ್ನೂ ಇಲ್ಲಿ ಇಳಿಸಿ ಹೋಗುತ್ತಾರೆ.

ಇವತ್ತು ಟಬ್ಬಿನ ತಳದಲ್ಲಿ ಏನೋ ನೀಲಿ ಬಣ್ಣದ್ದು ಬಿದ್ದಿದೆ. ನೀರಕ್ಕ ಚಮಚದಲ್ಲಿ ಎತ್ತಿ ಅಂಗೈಗೆ ಹಾಕಿಕೊಳ್ಳುತ್ತಾರೆ. ಹೆಸರುಕಾಳಿನಷ್ಟು ಚಿಕ್ಕ ಕಲ್ಲು, ತೊಟ್ಟಿಯ ಅಂದಕ್ಕೆ ಹಾಸುವಂಥದ್ದು. ಊಟದ ಜೊತೆ ಮರಿ ನುಂಗಿದೆ, ಈಗ ಹೊರಗೆ ಹಾಕಿದೆ.

ಎಂಟು ಗಂಟೆಗೆ ಟೀಚರ್ ಬರುತ್ತಾರೆ. ಮೊದಲ ದಿನ "ಕಲ್ಲು ಹಾಕಿದ್ರಾ?" ಎಂದು ಕೇಳಿದಾಗ "ಛೇ, ಇಲ್ಲಪ್ಪ" ಎಂದಿದ್ದವರು. ಈಗ ನೀರಕ್ಕ ಎತ್ತಿಟ್ಟಿದ್ದ ಕಲ್ಲನ್ನು ಕಂಡು ಮುಖ ಕೆಂಪಾಗುತ್ತದೆ. "ಮಕ್ಕಳಿಗೆ ದಿನಾ ನಿಜ ಹೇಳಿ ಅಂತ ಪಾಠ ಮಾಡ್ತೀನಿ. ನೀವು ಕೇಳಿದಾಗ ಯಾಕೋ ಬಾಯೇ ಬರ್ಲಿಲ್ಲ ನೀರಕ್ಕ."

ನೀರಕ್ಕ ಬೈಯುತ್ತಾರೆಂದು ನಾನು ಪೆನ್ನು ಹಿಡಿದು ಕಾಯುತ್ತೇನೆ. ಅವರು ಬೈಯುವುದಿಲ್ಲ. "ಕಲ್ಲು ಈಚೆ ಬಂತಲ್ಲ, ಬಿಡಿ. ಇನ್ನೂ ಇದ್ರೆ ಅದೂ ಬರತ್ತೆ. ಮನೇಲಿರೋ ಕಲ್ಲೆಲ್ಲಾ ತೆಗೆದುಬಿಡಿ" ಎಂದಷ್ಟೇ ಹೇಳಿ ಕಳಿಸುತ್ತಾರೆ. 

ಟೀಚರ್ ಹೋದ ಮೇಲೆ ನಾನು ಗೋಡೆ ಬದಿಯ ಡ್ರಮ್ಮುಗಳತ್ತ ಕೈ ತೋರಿಸುತ್ತೇನೆ. ಒಂಬತ್ತು ಡ್ರಮ್ಮು, ಎಲ್ಲದರ ಮೇಲೂ ಸೀಮೆಸುಣ್ಣದಲ್ಲಿ ನೀರು ತುಂಬಿದ ದಿನ, ಹೊತ್ತು. ನಲ್ಲಿ ನೀರಿನ ಕ್ಲೋರಿನ್ ಇಳಿಯಲೆಂದು ಒಂದು ದಿನ ಇಟ್ಟು, ಆಮೇಲೆ ಬಳಸುವ ನೀರು ಅದು. "ಏನು ಶಿಸ್ತು ನೀರಕ್ಕ ನಿಮ್ಮದು! ಇದನ್ನ ಬರೀಲೇಬೇಕು" ಅನ್ನುತ್ತೇನೆ.

ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. "ಅದು ಶಿಸ್ತಲ್ಲ ಸಾರ್. ಒಂದು ಜೀವ ತೆಗೆದ ಮೇಲೆ ಬಂದ ಬುದ್ಧಿ."

ಹದಿನಾಲ್ಕು ತಿಂಗಳ ಹಿಂದಿನ ಮಾತು. ರಸ್ತೆಯ ಆಚೆ ಬದಿಯ ಟೈಲರ್ ಒಂದು ಮರಿ ತಂದುಕೊಟ್ಟಿದ್ದರು. ಒಂಟಿ ಮನುಷ್ಯ, ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ತೊಟ್ಟಿ ಇಟ್ಟುಕೊಂಡು ದಿನವಿಡೀ ಅದರ ಜೊತೆ ಮಾತಾಡುತ್ತಿದ್ದವರು. ಆ ಮರಿಯೂ ಹೀಗೆಯೇ ತೇಲುತ್ತಿತ್ತು. ಐದು ದಿನದಲ್ಲಿ ಚೇತರಿಸಿಕೊಂಡು ಕೆಳಗಿಳಿದು ನಡೆಯತೊಡಗಿತ್ತು. ಆರನೆಯ ಬೆಳಿಗ್ಗೆ ನೀರಕ್ಕ ಅವಸರದಲ್ಲಿ, ಆಗಷ್ಟೇ ನಲ್ಲಿಯಿಂದ ತುಂಬಿಸಿದ್ದ ಡ್ರಮ್ಮಿನ ನೀರನ್ನು ಟಬ್ಬಿಗೆ ಸುರಿದರು. ಸಂಜೆಗೆ ಮರಿಯ ಕಿವಿರು ಬೆಳ್ಳಗಾಗಿ, ಮೈ ಸುಲಿದು, ಮುಗಿದೇ ಹೋಯಿತು.

"ಟೈಲರಣ್ಣ ಬಂದ್ರು. ಮಾಲೀಕರು ಪಕ್ಕದಲ್ಲೇ ನಿಂತಿದ್ರು. ಕೆಲಸ ಹೋಗತ್ತೆ ಅಂತ ಭಯ. ನೀವು ಜಾಸ್ತಿ ತಿನ್ನಿಸಿದ್ರಿ ಅಣ್ಣಾ, ಹೊಟ್ಟೆ ತಡೀಲಿಲ್ಲ ಅಂದ್ಬಿಟ್ಟೆ. ಅವರು ನಂಬಿಬಿಟ್ರು. ತಲೆ ತಲೆ ಚಚ್ಕೊಂಡ್ರು. ಮಾರನೇ ದಿನ ತೊಟ್ಟೀನ ಯಾರಿಗೋ ಕೊಟ್ಬಿಟ್ರು. ನನ್ನ ಕೈಲಿ ಜೀವ ನಿಲ್ಲಲ್ಲಮ್ಮ ಅಂದ್ರು ನಂಗೆ. ನಂಗೇ ಅಂದ್ರು ಸಾರ್!"

ಗಂಡನಿಗೆ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಟೈಲರ್ ಈಗಲೂ ದಿನಾ ಬೆಳಿಗ್ಗೆ ಕೈಯೆತ್ತಿ ನಮಸ್ಕಾರ ಹೇಳುತ್ತಾರೆ. "ಆಗೆಲ್ಲಾ ನೆಲ ಬಾಯಿ ಬಿಡಬಾರ್ದಾ ಅನ್ಸತ್ತೆ. ಈಗ ಟೀಚರ್ ತಲೆ ತಗ್ಗಿಸಿದ್ರಲ್ಲ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಂಗೆ. ನನ್ನ ಹೊಗಳಿ ಬರೀಬೇಡಿ. ಇದನ್ನ ಬರೀರಿ. ಟೈಲರಣ್ಣ ನಿಮ್ಮ ಪೇಪರಲ್ಲೇ ಬಟ್ಟೆ ಅಳತೆ ಕತ್ತರಿಸೋದು. ಕತ್ತರಿಸೋ ಮುಂಚೆ ಒಂದಕ್ಷರ ಬಿಡದೆ ಓದ್ತಾರೆ."

ನಾನು ಒಳಗೊಳಗೇ ಹಿಗ್ಗಿದೆ ಎಂದು ಒಪ್ಪಿಕೊಳ್ಳಬೇಕು. ಒಳ್ಳೆಯ ಕಥೆ ಸಿಕ್ಕಿತು ಎಂಬ ಹಿಗ್ಗು, ಛೀ! ಮರುಕ್ಷಣ ಟೈಲರ್ ಕತ್ತರಿ ಹಿಡಿದು ಇದನ್ನು ಪತ್ರಿಕೆಯಲ್ಲಿ ಓದುವುದು ಕಣ್ಣಿಗೆ ಕಟ್ಟಿತು. "ನೀರಕ್ಕ, ಊರೆಲ್ಲ ಓದುವಾಗ ಅವರೂ ಓದೋದು ಸರೀನಾ?" ಎಂದೆ.

ಅವರು ಡ್ರಮ್ಮುಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು. "ನೀವೂ ಬನ್ನಿ. ಒಬ್ಳೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬಂದ್ಬಿಡ್ತೀನಿ." ಇಡೀ ದಾರಿ ಇರುವುದೇ ಇಪ್ಪತ್ತು ಹೆಜ್ಜೆ.

ಟೈಲರ್ ಕತ್ತಿನಲ್ಲಿ ಟೇಪು ಹಾಕಿಕೊಂಡು ಕಾಲರ್ ಹೊಲಿಯುತ್ತಿದ್ದಾರೆ. ಮೆಷಿನ್ನಿನ ಪಕ್ಕ, ತೊಟ್ಟಿ ಇಡುತ್ತಿದ್ದ ಸ್ಟೂಲು ಖಾಲಿ. ನೀರಕ್ಕ ಹೊಸಿಲಿನಲ್ಲೇ ನಿಂತು ನೀರಿನಿಂದ ಹಿಡಿದು ಸುಳ್ಳಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಮೆಷಿನ್ನು ನಿಲ್ಲುತ್ತದೆ.

"ಹಾಗಾದ್ರೆ ನಾನು ತಿನ್ನಿಸಿದ ಹುಳ ಸರಿಯಾಗೇ ಇತ್ತಾ?" ಟೈಲರ್ ಕೇಳುವುದು ಇಷ್ಟೇ.

"ಸರಿಯಾಗೇ ಇತ್ತು ಅಣ್ಣಾ."

"ದಿನಕ್ಕೊಂದು. ಒಂದಕ್ಕಿಂತ ಜಾಸ್ತಿ ಹಾಕ್ತಾನೇ ಇರ್ಲಿಲ್ಲ ನಾನು." ಇದನ್ನು ಅವರು ನಮಗೆ ಹೇಳುವುದಿಲ್ಲ, ಸ್ಟೂಲಿನ ಕಡೆ ನೋಡಿ ಹೇಳುತ್ತಾರೆ. ಆಮೇಲೆ ಕಣ್ಣು ಒರೆಸಿಕೊಂಡು ಕಾಲರಿಗೆ ಸೂಜಿ ಇಳಿಸುತ್ತಾರೆ. "ಈಗ ಹೋಗಮ್ಮ. ಕೆಲಸ ಇದೆ."

ಅಂಗಡಿಗೆ ಮರಳಿದ ಮೇಲೆ ನೀರಕ್ಕ ಮಾಲೀಕರಿಗೂ ಹೇಳುತ್ತಾರೆ. ಮಾಲೀಕರು ಎದ್ದು ಹೊರಗೆ ಹೋಗುತ್ತಾರೆ. ನಾಳೆ ಕೆಲಸ ಇದೆಯೋ ಇಲ್ಲವೋ, ಈ ಸಾಲು ಬರೆಯುವಾಗ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಮಧ್ಯಾಹ್ನದ ನೀರು ಬದಲಿಸುವ ಹೊತ್ತಾಗಿದೆ. ಅವರು ಡ್ರಮ್ಮಿನ ಮೇಲಿನ ಹೊತ್ತನ್ನು ಎರಡು ಸಲ ಓದಿ ನೀರು ತೆಗೆಯುತ್ತಾರೆ. ಟೀಚರ್ ತಂದ ಮರಿಯ ಬಾಲ ಇನ್ನೂ ಸ್ವಲ್ಪ ಮೇಲಿದೆ. ಮುಂಗಾಲೆರಡೂ ಮಾತ್ರ ತಳಕ್ಕೆ ತಾಗಿವೆ.

ಹೊರಡುವಾಗ, ನಿಮಗೇನು ಆಸೆ ಎಂದು ಕೇಳುತ್ತೇನೆ. ಈ ಅಂಕಣದಲ್ಲಿ ಕೊನೆಗೆ ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಅವರು ತಲೆ ಎತ್ತುವುದಿಲ್ಲ.

"ಟೈಲರಣ್ಣ ಒಂದು ಮಾತೂ ಬೈಲಿಲ್ಲ ಸಾರ್. ಯಾವತ್ತಾದ್ರೂ ಒಂದಿನ ಅವರೇ ರಸ್ತೆ ದಾಟಿ ಬಂದು, ನನ್ನ ಎದುರಿಗೆ ನಿಂತು, ಬಾಯಿ ತುಂಬಾ ಬೈದು ಹೋಗ್ಲಿ. ಅಷ್ಟೇ ಸಾಕು ನಂಗೆ."