ದನಿ ಹೋದವಳ ಮಾತು

ದೆವ್ವ, ದನಿ, ಮೈಮೇಲೆ ಬರುವುದು ಎಂದೆಲ್ಲ ಯಾರಾದರೂ ಹೇಳಿದರೆ, ಮೊದಲು ಜ್ವರ ನೋಡಿಸಿಕೊಳ್ಳಿ ಎಂದು ಗದರುತ್ತಿದ್ದ ನರ್ಸ್ ನಾನು. ಈಗ ಹಾಗೆ ಗದರುವ ಧೈರ್ಯವಿಲ್ಲ.

ಎಂಬತ್ತರ ದಶಕದ ಮಾತು. ಕ್ಯಾನ್ಸರ್ ಆದವರನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆಂದು ಇಳಕಲ್ಲಿನ ನೇಕಾರರ ಓಣಿಯ ಕೆಲವು ಹೆಂಗಸರಿಗೆ ಕಲಿಸಲು ಬಾಗಲಕೋಟೆಯಿಂದ ವಾರವಾರ ಹೋಗುತ್ತಿದ್ದೆ. ಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದು, ಸುಮ್ಮನೆ ಹತ್ತಿರ ಕೂಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ರೋಗಿಗೆ ಸುಳ್ಳು ಹೇಳಬೇಡಿ, ಬರಲಾಗದಿದ್ದರೆ ಬರುತ್ತೇನೆ ಎನ್ನಬೇಡಿ ಎಂದು ಅವರ ತಲೆ ತಿನ್ನುತ್ತಿದ್ದೆ.

ಅದನ್ನು ಅವರಲ್ಲೊಬ್ಬಳಾದ ಶಂಕ್ರವ್ವ ಅಕ್ಷರಶಃ ಹಿಡಿದಳು. ಗಂಟಲ ಕ್ಯಾನ್ಸರ್ ಆಗಿದ್ದ ನೀಲವ್ವನನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಮರುದಿನ ಬರಲಾಗದೆಂದು ಗೊತ್ತಿದ್ದ ಒಂದು ದಿನ, ಹೊರಡುವಾಗ 'ಬರ್ತೇನಿ' ಎನ್ನದೆ 'ಹೋಗ್ತೇನ್ರಿ' ಎಂದುಬಿಟ್ಟಳು. ನಮ್ಮ ಕಡೆ ಗಟ್ಟಿಮುಟ್ಟಾದವರ ಮನೆಯಲ್ಲೂ ಯಾರೂ ಹಾಗೆನ್ನುವುದಿಲ್ಲ, ಅದು ಅಪಶಕುನ. ನೀಲವ್ವನ ಗಂಡ ಪರಪ್ಪ ಕೆಂಡವಾದ. ಇನ್ನು ಹೊಸ್ತಿಲು ತುಳಿಯಬೇಡ ಎಂದ.

ಮುಂದಿನ ವಾರ ಓಣಿಗೆ ಹೋದಾಗ ಸುದ್ದಿ ತಿಳಿದು ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಟುಜಾಡ್ಯವೆಂದು ಹೆದರಿ ಬೇರೆ ಯಾರೂ ನೀಲವ್ವನ ಹುಣ್ಣು ಮುಟ್ಟುತ್ತಿರಲಿಲ್ಲ. ಶಂಕ್ರವ್ವನನ್ನು ಕರೆದುಕೊಂಡು ಸುಡುಬಿಸಿಲಿನಲ್ಲೇ ಓಡಿದೆ. ಪರಪ್ಪ ಬಾಗಿಲಿಗೆ ಅಡ್ಡ ನಿಂತ.

"ಜಡ್ಡಿನವರ ಮನ್ಯಾಗ ಹೋಗ್ತೇನಿ ಅಂತಾರೇನ್ರಿ, ಅಕ್ಕಾರ? ಈಕಿ ಬ್ಯಾಡ."

ಆಗ ಒಳಗಿನಿಂದ ಹೆಣ್ಣುದನಿಯೊಂದು ಸ್ಪಷ್ಟವಾಗಿ ಬಂತು. "ಆಕಿ ಖರೆ ಹೇಳ್ಯಾಳ. ಒಳಗ ಬಿಡ್ರಿ."

ಮೂವರೂ ಕೇಳಿದೆವು. ಪರಪ್ಪ ಗಕ್ಕನೆ ಒಳಗೆ ತಿರುಗಿ ನೋಡಿದ. ಅದು ನೀಲವ್ವನದೇ ದನಿ ಎಂದ. ಆಪರೇಶನ್ನಿನಲ್ಲಿ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯ ತೂತಿನಿಂದ ಉಸಿರಾಡುತ್ತಿದ್ದಳು. ಒಳಗೆ ನುಗ್ಗಿದೆವು. ಬೇರೆ ಯಾರೂ ಇರಲಿಲ್ಲ. ನೀನೇ ಮಾತಾಡಿದೆಯಾ ಎಂದು ಕೇಳಿದರೆ ನಮ್ಮನ್ನು ಬೆರಗಿನಿಂದ ನೋಡಿ, ಇಲ್ಲವೆಂದು ತಲೆಯಾಡಿಸಿದಳು.

ಶಂಕ್ರವ್ವ ಸೆರಗು ಸಿಕ್ಕಿಸಿ ನೀರು ಕಾಯಿಸಲು ಹೋದಳು. ಪರಪ್ಪ ತಡೆಯಲಿಲ್ಲ. ಕೊನೆಯತನಕ ಅವಳೇ ನೋಡಿಕೊಂಡಳು.

ದೊಡ್ಡ ಡಾಕ್ಟರರನ್ನು ಕೇಳಿದೆ. ಆಗದ ಮಾತು, ಭ್ರಮೆ ಎಂದರು. ಮೂವರಿಗೂ ಒಂದೇ ಭ್ರಮೆಯೇ? ಅಂದಿನಿಂದ ಯಾವ ರೋಗಿಯ ಬಾಗಿಲಲ್ಲಿ ನಿಂತರೂ ನನ್ನ ಕಿವಿ ತಾನಾಗಿ ಒಳಗಿನ ಸದ್ದಿನತ್ತ ಹೋಗುತ್ತದೆ. ಅದು ನನಗೇ ಕಿರಿಕಿರಿ.

ನೀಲವ್ವ ತೀರಿಕೊಂಡ ಮೇಲೆ ಮನೆಯವರನ್ನು ಮಾತಾಡಿಸಲು ಹೋಗಿದ್ದೆ. ಪರಪ್ಪ ನನ್ನೆದುರು ಬಂದು ಕೂತ.

"ಅವತ್ತು ನೀವೂ ಕೇಳಿದ್ರಿ, ಹೌದಲ್ರಿ ಅಕ್ಕಾರ?"

ಹೌದೆಂದೆ.

"ಅಷ್ಟು ದಿನ ನಾ ಬಾಜೂಕ ಕುಂತಿದ್ದೆ. ನನ್ನ ಕೂಡ ಒಂದು ಮಾತಾದ್ರೂ ಯಾಕ ಆಡಲಿಲ್ರಿ ಆಕಿ?"